‘ಪ್ರವೇಶ ನಿರಾಕರಿಸಲಾಗಿದೆ’ – ನಿರಾಕರಿಸಿದ್ದು ಯಾರು?

ಮಕ್ಕಳೇ, ಮನೆಯಲ್ಲಿ ಲೋಟ ಒಡೆದಾಗ ಅಮ್ಮನಿಗೆ ಏನಂತ ಹೇಳ್ತೀರಿ? ‘ನಾನು ಲೋಟ ಒಡೆದೆ’ ಅನ್ನುವವರು ಕಡಿಮೆ. ‘ಅಮ್ಮಾ, ಲೋಟ ಒಡೆದುಹೋಯ್ತು’ ಅನ್ನುವವರೇ ಜಾಸ್ತಿ! ಆ ವಾಕ್ಯದಲ್ಲಿ ಲೋಟ ಇದೆ, ಒಡೆದದ್ದೂ ಇದೆ. ಒಡೆದವರು ಮಾತ್ರ ಎಲ್ಲೂ ಕಾಣುವುದಿಲ್ಲ.

ಕಂಪ್ಯೂಟರುಗಳೂ ಎಷ್ಟೋ ಸಲ ಹೀಗೇ ಮಾತಾಡುತ್ತವೆ. ಬ್ರೌಸರಿನಲ್ಲಿ ಮೇಲ್ ತೆರೆಯಲು ಹೋದಾಗ ‘ಆಕ್ಸೆಸ್ ಡಿನೈಡ್’ ಎಂಬ ಸಂದೇಶವನ್ನು ನೀವು ನೋಡಿರಬಹುದು. ಕನ್ನಡದಲ್ಲಿ ಹೇಳಿದರೆ ‘ಪ್ರವೇಶ ನಿರಾಕರಿಸಲಾಗಿದೆ’. ವ್ಯಾಕರಣದ ತರಗತಿಯಲ್ಲಿ ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ ಅಂತ ಕಲಿತಿದ್ದೀರಲ್ಲ? ಈ ವಾಕ್ಯದಲ್ಲಿ ಕರ್ತೃ ಯಾರು ಹುಡುಕಿ ನೋಡೋಣ. ಸಿಗುವುದಿಲ್ಲ! ಯಾರು ನಿರಾಕರಿಸಿದರು, ಯಾಕೆ ನಿರಾಕರಿಸಿದರು ಎಂಬುದನ್ನು ಅದು ಹೇಳುವುದೇ ಇಲ್ಲ.

ಮೇಲ್ ಸರ್ವರ್ ನೋಡಿಕೊಳ್ಳುವವರನ್ನು ಸರ್ವರ್ ಅಡ್ಮಿನ್ ಎನ್ನುತ್ತಾರೆ. ನಿಮ್ಮಲ್ಲಿ ಕೆಲವರ ಅಪ್ಪನೋ ಅಮ್ಮನೋ ಅದೇ ಕೆಲಸದಲ್ಲಿರಬಹುದು. ಇಂಥ ಸಂದೇಶ ಬಂದಾಗ ಅವರ ಮೊದಲ ಕೆಲಸ ಆ ಕಳೆದುಹೋದ ಕರ್ತೃವನ್ನು ಹುಡುಕುವುದು. ಅದು ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಹೇಗೆ ಹುಡುಕುತ್ತಾರೆ ಅಂತ ನೋಡೋಣ ಬನ್ನಿ.

ಒಂದು ಶನಿವಾರ ರಾತ್ರಿ

ನಮ್ಮಂಥದೇ ಒಂದು ವಾರಾಂತ್ಯದ ಕನ್ನಡ ಶಾಲೆ ಅಂದುಕೊಳ್ಳಿ. ಅದಕ್ಕೆ ತನ್ನದೇ ಒಂದು ಪುಟ್ಟ ಮೇಲ್ ಸರ್ವರ್ ಇದೆ. ವಿದ್ಯಾರ್ಥಿಯೊಬ್ಬಳ ಅಪ್ಪ ಬಿಡುವಿನ ವೇಳೆಯಲ್ಲಿ ಅದನ್ನು ನೋಡಿಕೊಳ್ಳುತ್ತಾರೆ. ನಾಳೆ ರಾಜ್ಯೋತ್ಸವದ ಕಾರ್ಯಕ್ರಮ. ಯಾವ ಮಗುವಿನ ನೃತ್ಯ ಎಷ್ಟು ಗಂಟೆಗೆ, ಯಾರಿಗೆ ಕಡಲೆಕಾಯಿ ಅಲರ್ಜಿ, ಸಭಾಂಗಣದ ಬಾಗಿಲು ತೆಗೆಯುವವರು ಯಾರು, ಎಲ್ಲಾ ವಿವರವೂ ಮೇಲ್‌ನಲ್ಲಿದೆ. ಶನಿವಾರ ರಾತ್ರಿ ಒಂಬತ್ತಕ್ಕೆ ಟೀಚರ್ ಮೇಲ್ ತೆರೆದರೆ ‘403 ಫರ್ಬಿಡನ್’. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದರ ಹಿಂದೆ ಒಂದು ಸಂದೇಶ: ‘ನನಗೂ ಬರ್ತಿಲ್ಲ’, ‘ನಮಗೂ ಇಲ್ಲ’, ‘ಬೇಗ ಸರಿ ಮಾಡಿ ಸರ್’.

ಇಂಥ ಹೊತ್ತಿನಲ್ಲಿ ಅಡ್ಮಿನ್ ಮುಂದೆ ಎರಡು ದಾರಿ ಇರುತ್ತವೆ. ಒಂದು, ಸಮಾಧಾನದಿಂದ ಕಾರಣ ಹುಡುಕುವುದು. ಇನ್ನೊಂದು, ಎಲ್ಲ ಬೀಗಗಳನ್ನೂ ಒಟ್ಟಿಗೆ ತೆಗೆದುಬಿಡುವುದು. ಎರಡನೆಯದು ಎರಡೇ ನಿಮಿಷದ ಕೆಲಸ, ಅದಕ್ಕೇ ಅಪಾಯ ಹೆಚ್ಚು. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮುಂಚೆ ಮೇಲ್ ನಿಮ್ಮ ಬ್ರೌಸರಿಗೆ ಬರುವ ದಾರಿಯನ್ನು ತಿಳಿದುಕೊಳ್ಳೋಣ.

ಒಂದು ಮೇಲ್, ನಾಲ್ಕು ಕೆಲಸಗಾರರು

ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಜಾಲದ ಮೂಲಕ ಮೇಲ್ ಕಳಿಸಿ, ವಿಳಾಸದ ನಡುವೆ ‘@’ ಗುರುತನ್ನು ಮೊದಲು ಬಳಸಿದವರು ಅಮೆರಿಕದ ರೇ ಟಾಮ್ಲಿನ್ಸನ್. ಅದು 1971ರಲ್ಲಿ. ಮುಂದೆ ಬಹಳ ವರ್ಷ, ಮೇಲ್ ಓದಬೇಕಾದರೆ ನಮ್ಮ ಕಂಪ್ಯೂಟರಿನಲ್ಲಿ ಅದಕ್ಕೆಂದೇ ಒಂದು ಪ್ರೋಗ್ರಾಂ ಬೇಕಿತ್ತು. ಬ್ರೌಸರಿನಲ್ಲೇ ಮೇಲ್ ಓದುವುದನ್ನು ಮನೆಮಾತು ಮಾಡಿದ್ದು 1996ರ ಜುಲೈ 4ರಂದು ಶುರುವಾದ ಹಾಟ್‌ಮೇಲ್. ಅದನ್ನು ಕಟ್ಟಿದ ಇಬ್ಬರು ಜ್ಯಾಕ್ ಸ್ಮಿತ್ ಮತ್ತು ಸಬೀರ್ ಭಾಟಿಯಾ. ಭಾಟಿಯಾ ಅವರು ಬೆಂಗಳೂರಿನಲ್ಲಿ ಶಾಲೆ ಓದಿದವರು!

ಹೀಗೆ ಬ್ರೌಸರಿನಲ್ಲಿ ತೆರೆಯುವ ಮೇಲ್‌ಗೆ ವೆಬ್‌ಮೇಲ್ ಎನ್ನುತ್ತಾರೆ. ಸ್ವಂತ ಸರ್ವರ್ ಇಟ್ಟುಕೊಂಡ ಬಹಳ ಸಂಸ್ಥೆಗಳು ರೌಂಡ್‌ಕ್ಯೂಬ್ ಎಂಬ ಉಚಿತ ವೆಬ್‌ಮೇಲ್ ಬಳಸುತ್ತವೆ. ನಮ್ಮ ಕಲ್ಪನೆಯ ಶಾಲೆಯಲ್ಲೂ ಅದೇ ಇದೆ ಅಂದುಕೊಳ್ಳೋಣ. ಅಲ್ಲಿ ಸಾಮಾನ್ಯವಾಗಿ ನಾಲ್ಕು ಕೆಲಸಗಾರರು ಇರುತ್ತಾರೆ.

1. ಅಪಾಚೆ: ಇದು ವೆಬ್ ಸರ್ವರ್. ಬ್ರೌಸರ್ ಕೇಳಿದ ಪುಟವನ್ನು ಕೊಡುತ್ತದೆ. ಬಾಗಿಲಲ್ಲಿ ನಿಂತವರ ಹಾಗೆ.
2. ರೌಂಡ್‌ಕ್ಯೂಬ್: ಮೇಲ್‌ಗಳನ್ನು ಪುಟದ ರೂಪದಲ್ಲಿ ಜೋಡಿಸಿ ತೋರಿಸುತ್ತದೆ. ಇದರ ಹತ್ತಿರ ಮೇಲ್‌ಗಳ ಸಂಗ್ರಹ ಇರುವುದಿಲ್ಲ, ಬೇರೆಯವರನ್ನು ಕೇಳಿ ತರುತ್ತದೆ.
3. ಡವ್‌ಕಾಟ್: ನಿಮ್ಮ ಮೇಲ್ ಪೆಟ್ಟಿಗೆಯನ್ನು ಕಾಯುತ್ತದೆ. ಪಾಸ್‌ವರ್ಡ್ ಸರಿಯೋ ಅಂತ ನೋಡಿ ಪೆಟ್ಟಿಗೆ ತೆರೆಯುತ್ತದೆ.
4. ಪೋಸ್ಟ್‌ಫಿಕ್ಸ್: ನೀವು ಬರೆದ ಮೇಲ್ ಅನ್ನು ಹೊರಗೆ ಒಯ್ಯುವ ಅಂಚೆಯಣ್ಣ.

ಈ ನಾಲ್ವರಲ್ಲಿ ಯಾರು ಬೇಕಾದರೂ ‘ಆಗಲ್ಲ’ ಅನ್ನಬಹುದು. ಇವರೆಲ್ಲರ ಮೇಲೆ ಕಣ್ಣಿಟ್ಟಿರುವ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಕೂಡ ‘ಆಗಲ್ಲ’ ಅನ್ನಬಹುದು. ಪರದೆಯ ಮೇಲೆ ಕಾಣುವುದು ಮಾತ್ರ ಒಂದೇ ಥರದ ಸಂದೇಶ.

ಎರಡು ಬಗೆಯ ‘ಇಲ್ಲ’

ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಮದುವೆಗೆ ಹೋಗಿದ್ದೀರಲ್ಲ? ಮದುವೆಯ ಛತ್ರವನ್ನು ನೆನಪಿಸಿಕೊಳ್ಳಿ. ಬಾಗಿಲಲ್ಲಿ ಯಾರೋ ನಿಂತು ‘ತಾವು ಯಾರ ಕಡೆಯವರು?’ ಅಂತ ಕೇಳುತ್ತಾರೆ. ನೀವು ಉತ್ತರ ಕೊಡದಿದ್ದರೆ ಒಳಗೆ ಬಿಡುವುದಿಲ್ಲ. ಇದು ಮೊದಲನೆಯ ‘ಇಲ್ಲ’: ನೀವು ಯಾರೆಂದು ಗೊತ್ತಿಲ್ಲ.

‘ನಾನು ಮದುಮಗಳ ತಮ್ಮ’ ಅಂದಿರಿ ಅನ್ನಿ. ಬನ್ನಿ ಬನ್ನಿ ಅಂತ ಕರೆದು ಪಾನಕ ಕೊಡುತ್ತಾರೆ. ಆದರೆ ಮದುಮಗಳ ತಮ್ಮನೇ ಆದರೂ ಉಗ್ರಾಣಕ್ಕೆ ನುಗ್ಗಿ ಲಾಡು ತೆಗೆದುಕೊಳ್ಳಲು ಆಗುತ್ತದೆಯೇ? ಉಗ್ರಾಣದ ಬೀಗದ ಕೈ ಇಟ್ಟುಕೊಂಡ ದೊಡ್ಡಪ್ಪ ‘ನೀನು ಯಾರು ಅಂತ ಗೊತ್ತಪ್ಪಾ, ಆದರೂ ಒಳಗೆ ಬರೋ ಹಾಗಿಲ್ಲ’ ಅನ್ನುತ್ತಾರೆ. ಇದು ಎರಡನೆಯ ‘ಇಲ್ಲ’: ನೀವು ಯಾರೇ ಆಗಿರಿ, ಇಲ್ಲಿಗೆ ನಿಮಗೆ ಅನುಮತಿ ಇಲ್ಲ.

ವೆಬ್ ಸರ್ವರುಗಳು ಈ ಎರಡಕ್ಕೂ ಬೇರೆ ಬೇರೆ ಸಂಖ್ಯೆ ಇಟ್ಟಿವೆ. ಮೊದಲನೆಯದು 401, ಎರಡನೆಯದು 403. (ಕೇಳಿದ ಪುಟವೇ ಸಿಗದಿದ್ದರೆ 404. ಇದನ್ನು ನೀವೆಲ್ಲ ನೋಡಿಯೇ ಇರುತ್ತೀರಿ.) ಹಾಗಾಗಿ 403 ಬಂದಾಗ ಪಾಸ್‌ವರ್ಡ್ ಬದಲಾಯಿಸುತ್ತಾ ಕೂತರೆ ಸಾಮಾನ್ಯವಾಗಿ ಏನೂ ಪ್ರಯೋಜನವಿಲ್ಲ. ದೊಡ್ಡಪ್ಪನಿಗೆ ನಿಮ್ಮ ಹೆಸರನ್ನು ಹತ್ತು ಸಲ ಹೇಳಿದರೂ ಉಗ್ರಾಣದ ಬೀಗ ತೆರೆಯುವುದಿಲ್ಲವಲ್ಲ, ಹಾಗೆ.

ರೌಂಡ್‌ಕ್ಯೂಬ್‌ನಲ್ಲಿ ಇನ್ನೊಂದು ಸುಳಿವು ಇದೆ. ಲಾಗಿನ್ ಪುಟ ಚೆನ್ನಾಗಿ ತೆರೆದು, ಪಾಸ್‌ವರ್ಡ್ ಕೊಟ್ಟ ಮೇಲೆ ‘ಲಾಗಿನ್ ವಿಫಲ’ ಎಂದು ಬಂದರೆ ಬಾಗಿಲಲ್ಲಿ ನಿಂತ ಅಪಾಚೆಯ ತಪ್ಪಿಲ್ಲ ಎಂದು ತಿಳಿಯಿರಿ. ಪೆಟ್ಟಿಗೆ ಕಾಯುವ ಡವ್‌ಕಾಟ್ ಕಡೆ ನೋಡಬೇಕು. ಲಾಗಿನ್ ಪುಟವೇ ಬರದೆ 403 ಬಂದರೆ ತೊಂದರೆ ಇನ್ನೂ ಬಾಗಿಲಲ್ಲೇ ಇದೆ.

ಮೊದಲು ಮೂರು ಪ್ರಶ್ನೆ

ಒಳ್ಳೆಯ ವೈದ್ಯರು ಮಾತ್ರೆ ಬರೆಯುವ ಮುಂಚೆ ಪ್ರಶ್ನೆ ಕೇಳುತ್ತಾರೆ. ಅಡ್ಮಿನ್ ಕೂಡ ಕೀಬೋರ್ಡ್ ಮುಟ್ಟುವ ಮುಂಚೆ ಮೂರು ಪ್ರಶ್ನೆ ಕೇಳಬೇಕು.

ಯಾರಿಗೆ? ಎಲ್ಲರಿಗೂ ಆಗುತ್ತಿದ್ದರೆ ತೊಂದರೆ ಸರ್ವರಿನಲ್ಲಿ. ಒಬ್ಬರಿಗೆ ಮಾತ್ರ ಆಗಿದ್ದರೆ ಅವರ ಖಾತೆ, ಅವರ ಪೆಟ್ಟಿಗೆ ಅಥವಾ ಅವರ ಮನೆಯ ಇಂಟರ್ನೆಟ್ ವಿಳಾಸದಲ್ಲಿ ಏನೋ ಇದೆ.

ಯಾವ ಹಂತದಲ್ಲಿ? ಪುಟ ತೆರೆಯುವಾಗಲೋ, ಲಾಗಿನ್ ಆಗುವಾಗಲೋ, ಫೋಲ್ಡರ್ ನೋಡುವಾಗಲೋ, ಫೋಟೋ ಲಗತ್ತಿಸುವಾಗಲೋ, ಕಳಿಸುವಾಗಲೋ?

ಯಾವಾಗಿನಿಂದ? ನಿನ್ನೆಯವರೆಗೆ ಸರಿಯಿದ್ದದ್ದು ಇವತ್ತು ಕೆಟ್ಟಿದ್ದರೆ, ಈ ನಡುವೆ ಏನು ಬದಲಾಯಿತು? ಹೊಸ ಆವೃತ್ತಿ ಹಾಕಿದರೇ? ಫೋಲ್ಡರನ್ನು ಬೇರೆ ಕಡೆ ಇಟ್ಟರೇ?

ನಮ್ಮ ಶಾಲೆಯಲ್ಲಿ ಎಲ್ಲರಿಗೂ, ಪುಟ ತೆರೆಯುವಾಗಲೇ, ಇವತ್ತು ಸಂಜೆಯಿಂದ ಆಗಿದೆ. ಮೂರೇ ಉತ್ತರದಲ್ಲಿ ನಾಲ್ಕು ಕೆಲಸಗಾರರಲ್ಲಿ ಇಬ್ಬರನ್ನು, ಅಂದ್ರೆ ಡವ್‌ಕಾಟ್ ಮತ್ತು ಪೋಸ್ಟ್‌ಫಿಕ್ಸ್ ಅನ್ನು, ಸದ್ಯಕ್ಕೆ ಬಿಟ್ಟುಬಿಡಬಹುದು!

ಸರ್ವರಿನ ದಿನಚರಿ

ಈಗ ಕರ್ತೃವನ್ನು ಹುಡುಕುವ ಜಾಗಕ್ಕೆ ಬಂದೆವು. ಪರದೆಯ ಮೇಲೆ ಮಾತು ಕಡಿಮೆ ಆಡುವ ಸರ್ವರ್, ತನ್ನ ದಿನಚರಿಯಲ್ಲಿ ಎಲ್ಲವನ್ನೂ ಬರೆದಿಡುತ್ತದೆ. ಇದಕ್ಕೆ ಲಾಗ್ ಎನ್ನುತ್ತಾರೆ. ಪರದೆಯ ಮೇಲೆ ಯಾಕೆ ಹೇಳುವುದಿಲ್ಲ? ಕಳ್ಳನಿಗೂ ಅದೇ ಪರದೆ ಕಾಣುತ್ತದಲ್ಲ! ‘ಹಿಂದಿನ ಬಾಗಿಲಿಗೆ ಚಿಲಕ ಇಲ್ಲ’ ಅಂತ ಬೀದಿಯಲ್ಲಿ ಕೂಗಬಾರದು. ಅದಕ್ಕೆ ಹೊರಗಿನವರಿಗೆ ಚುಟುಕು ಮಾತು, ಅಡ್ಮಿನ್‌ಗೆ ಪೂರ್ತಿ ವಿವರ.

ನಾಲ್ವರು ಕೆಲಸಗಾರರಿಗೂ ಅವರವರದೇ ಲಾಗ್ ಇರುತ್ತದೆ. ಅಡ್ಮಿನ್ ಮಾಡಬೇಕಾದದ್ದು ಇಷ್ಟೇ: ಒಂದು ಕಿಟಕಿಯಲ್ಲಿ ಅಪಾಚೆಯ ಎರರ್ ಲಾಗ್ ತೆರೆದಿಟ್ಟುಕೊಂಡು, ಇನ್ನೊಂದು ಕಿಟಕಿಯಲ್ಲಿ ಮೇಲ್ ಪುಟವನ್ನು ಮತ್ತೆ ತೆರೆಯುವುದು. ಅದೇ ಕ್ಷಣಕ್ಕೆ ಲಾಗಿನಲ್ಲಿ ಯಾವ ಹೊಸ ಸಾಲು ಬಂತು ಅಂತ ನೋಡುವುದು. ಆ ಸಾಲಿನಲ್ಲಿ ಯಾರು, ಯಾವ ಫೈಲನ್ನು, ಯಾಕೆ ತಡೆದರು ಎಂಬುದು ಇರುತ್ತದೆ. ‘ನಿರಾಕರಿಸಲಾಗಿದೆ’ ಎಂಬ ವಾಕ್ಯ ಅಲ್ಲಿ ‘ಇಂಥವರು ನಿರಾಕರಿಸಿದರು’ ಎಂದಾಗುತ್ತದೆ.

ಸಾಮಾನ್ಯವಾಗಿ ಸಿಗುವ ಉತ್ತರಗಳನ್ನು ಒಂದೊಂದಾಗಿ ನೋಡೋಣ.

ಅಪಾಚೆ ‘ಇಲ್ಲ’ ಅಂದರೆ

ಲಾಗಿನಲ್ಲಿ ‘ಸರ್ವರ್ ಕಾನ್ಫಿಗರೇಶನ್ ಪ್ರಕಾರ ಕ್ಲೈಂಟನ್ನು ತಡೆಯಲಾಗಿದೆ’ ಎಂಬ ಅರ್ಥದ ಸಾಲು ಇದ್ದರೆ, ಅಪಾಚೆ ತನಗೆ ಕೊಟ್ಟ ನಿಯಮವನ್ನೇ ಪಾಲಿಸುತ್ತಿದೆ ಎಂದರ್ಥ. ನಿಯಮವೇ ತಪ್ಪಾಗಿರಬಹುದು. ಇದಕ್ಕೆ ಒಂದು ಪ್ರಸಿದ್ಧ ಕಾರಣ ಇದೆ. ಅಪಾಚೆ 2.2ರಲ್ಲಿ ‘ಎಲ್ಲರನ್ನೂ ಬಿಡು’ ಎಂದು ಹೇಳಲು ‘ಆರ್ಡರ್’, ‘ಅಲೋ’ ಎಂಬ ಪದಗಳಿದ್ದವು. 2012ರಲ್ಲಿ ಬಂದ 2.4ರಲ್ಲಿ ಆ ಭಾಷೆ ಬದಲಾಗಿ ‘ರಿಕ್ವೈರ್ ಆಲ್ ಗ್ರ್ಯಾಂಟೆಡ್’ ಎಂದಾಯಿತು. ಹಳೆಯ ಸರ್ವರಿನ ನಿಯಮದ ಫೈಲನ್ನು ಹಾಗೇ ಹೊಸದಕ್ಕೆ ತಂದು ಹಾಕಿದರೆ ಎಷ್ಟೋ ಸಲ 403 ಬರುತ್ತದೆ. ಹಳೆಗನ್ನಡದಲ್ಲಿ ಹೇಳಿದರೆ ಈಗಿನ ವಾಚ್‌ಮನ್‌ಗೆ ಅರ್ಥವಾಗದ ಹಾಗೆ!

ಪರಿಹಾರ: ರೌಂಡ್‌ಕ್ಯೂಬ್ ಫೋಲ್ಡರಿಗೆ ಮಾತ್ರ ಹೊಸ ರೀತಿಯ ನಿಯಮ ಬರೆಯುವುದು, ನಿಯಮದ ಫೈಲಿನಲ್ಲಿ ಕಾಗುಣಿತ ತಪ್ಪಿಲ್ಲ ಎಂದು ಪರೀಕ್ಷಿಸುವ ಆಜ್ಞೆ ಕೊಡುವುದು, ಆಮೇಲೆ ಅಪಾಚೆಗೆ ಅದನ್ನು ಮತ್ತೆ ಓದಲು ಹೇಳುವುದು.

ದಾರಿಯಲ್ಲೇ ಬೀಗ

ಉಗ್ರಾಣದ ಬೀಗದ ಕೈ ನಿಮ್ಮ ಹತ್ತಿರ ಇದೆ ಅನ್ನಿ. ಆದರೆ ಉಗ್ರಾಣಕ್ಕೆ ಹೋಗುವ ಓಣಿಯ ಬಾಗಿಲಿಗೇ ಬೀಗ ಹಾಕಿದ್ದರೆ? ಕೈಯಲ್ಲಿರುವ ಕೀ ಕೆಲಸಕ್ಕೆ ಬಾರದು. ಕಂಪ್ಯೂಟರಿನಲ್ಲೂ ಫೋಲ್ಡರಿನೊಳಗೆ ಫೋಲ್ಡರು ಇರುತ್ತದೆ. ಒಳಗಿನ ಫೈಲನ್ನು ಓದಬೇಕಾದರೆ ದಾರಿಯಲ್ಲಿರುವ ಪ್ರತಿಯೊಂದು ಫೋಲ್ಡರನ್ನೂ ದಾಟಲು ಅನುಮತಿ ಬೇಕು. ‘ದಾರಿಯ ಒಂದು ಭಾಗದಲ್ಲಿ ಹುಡುಕುವ ಅನುಮತಿ ಇಲ್ಲ’ ಎಂಬ ಅರ್ಥದ ಸಾಲು ಅಪಾಚೆಯ ಲಾಗಿನಲ್ಲಿ ಬಂದರೆ ಇದೇ ಕಾರಣ. ಆಗ ಕೊನೆಯ ಫೈಲನ್ನಷ್ಟೇ ನೋಡದೆ, ಬೇರಿನಿಂದ ಶುರುಮಾಡಿ ಒಂದೊಂದು ಫೋಲ್ಡರನ್ನೂ ನೋಡುತ್ತಾ ಬರಬೇಕು.

ಅನುಮತಿಯ ಲೆಕ್ಕ ನಿಮಗೂ ಬರಲಿ. ಬಹಳ ಸುಲಭ! ಲಿನಕ್ಸ್‌ನಲ್ಲಿ ಓದುವುದಕ್ಕೆ 4, ಬರೆಯುವುದಕ್ಕೆ 2, ಪ್ರೋಗ್ರಾಂ ನಡೆಸುವುದಕ್ಕೆ ಅಥವಾ ಫೋಲ್ಡರನ್ನು ದಾಟುವುದಕ್ಕೆ 1. ಬೇಕಾದ್ದನ್ನು ಕೂಡಿಸಿ. ಓದಲು ಮತ್ತು ಬರೆಯಲು 4+2=6. ಓದಲು ಮತ್ತು ದಾಟಲು 4+1=5. ಮೂರೂ ಸೇರಿದರೆ 7. ಏನೂ ಬೇಡ ಅಂದರೆ 0. ಯಾವ ಮೊತ್ತ ತೆಗೆದುಕೊಂಡರೂ ಅದು ಒಂದೇ ರೀತಿಯಲ್ಲಿ ಬರುತ್ತದೆ, ಹಾಗಾಗಿ ಗೊಂದಲವೇ ಇಲ್ಲ. ಬೇಕಿದ್ದರೆ ಕೂಡಿಸಿ ನೋಡಿ!

ಹೀಗೆ ಮೂರು ಅಂಕಿ ಬರೆಯುತ್ತಾರೆ. ಮೊದಲನೆಯದು ಫೈಲಿನ ಒಡೆಯರಿಗೆ, ಎರಡನೆಯದು ಒಡೆಯರ ಗುಂಪಿಗೆ, ಮೂರನೆಯದು ಉಳಿದ ಎಲ್ಲರಿಗೆ. 755 ಅಂದರೆ ಒಡೆಯರು ಎಲ್ಲ ಮಾಡಬಹುದು, ಉಳಿದವರು ಓದಿ ದಾಟಬಹುದು. ಫೋಲ್ಡರುಗಳಿಗೆ ಸಾಮಾನ್ಯವಾಗಿ ಇದನ್ನು ಇಡುತ್ತಾರೆ. 644 ಅಂದರೆ ಒಡೆಯರು ಓದಿ ಬರೆಯಬಹುದು, ಉಳಿದವರು ಓದಬಹುದು ಅಷ್ಟೇ. ಇದು ಸಾಧಾರಣ ಫೈಲುಗಳಿಗೆ. ಪಾಸ್‌ವರ್ಡ್ ಇರುವ ಫೈಲಿಗೆ ಮಾತ್ರ ‘ಉಳಿದ ಎಲ್ಲರ’ ಜಾಗದಲ್ಲಿ 0 ಇರಬೇಕು.

ಇನ್ನೊಂದು ಮಾತು. ಸರ್ವರಿನಲ್ಲಿ ಅಪಾಚೆಗೂ ಒಂದು ಬಳಕೆದಾರ ಹೆಸರು ಇರುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಅದು ‘ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ’, ಫೆಡೋರಾ, ರೆಡ್‌ಹ್ಯಾಟ್‌ಗಳಲ್ಲಿ ‘ಅಪಾಚೆ’. ರೌಂಡ್‌ಕ್ಯೂಬ್‌ನ ‘ಟೆಂಪ್’ ಮತ್ತು ‘ಲಾಗ್ಸ್’ ಎಂಬ ಎರಡು ಫೋಲ್ಡರುಗಳಲ್ಲಿ ಈ ಬಳಕೆದಾರನಿಗೆ ಬರೆಯಲು ಅನುಮತಿ ಬೇಕೇ ಬೇಕು. ಅಡ್ಮಿನ್ ತಮ್ಮ ಹೆಸರಿನಲ್ಲಿ ಫೈಲುಗಳನ್ನು ಬಿಚ್ಚಿಟ್ಟು ಒಡೆಯರನ್ನು ಬದಲಾಯಿಸದಿದ್ದರೆ, ಪುಟ ತೆರೆಯುತ್ತದೆ, ಆದರೆ ಫೋಟೋ ಲಗತ್ತಿಸಲು ಹೋದಾಗ ಆಗುವುದಿಲ್ಲ. ಆ ಎರಡೇ ಫೋಲ್ಡರುಗಳ ಒಡೆತನ ಸರಿಮಾಡಿದರೆ ಸಾಕು.

ಎಲ್ಲ ಸರಿ ಇದ್ದರೂ ‘ಇಲ್ಲ’

ಕೆಲವೊಮ್ಮೆ ಅಂಕಿಗಳೆಲ್ಲ ಸರಿ, ಒಡೆಯರೂ ಸರಿ, ಆದರೂ ಬಾಗಿಲು ತೆರೆಯುವುದಿಲ್ಲ. ಫೆಡೋರಾ, ರೆಡ್‌ಹ್ಯಾಟ್‌ನಂಥ ಲಿನಕ್ಸ್‌ಗಳಲ್ಲಿ ಎಸ್‌ಇಲಿನಕ್ಸ್ ಎಂಬ ಎರಡನೆಯ ಕಾವಲು ಇರುತ್ತದೆ. ಅದು ಪ್ರತಿ ಫೈಲಿಗೂ ಒಂದು ಚೀಟಿ ಅಂಟಿಸುತ್ತದೆ: ‘ಇದು ಮನೆಯ ಫೈಲು’, ‘ಇದು ವೆಬ್ ಸರ್ವರಿನದು’. ಅಪಾಚೆ ತನ್ನ ಚೀಟಿ ಇರುವುದನ್ನು ಮಾತ್ರ ಮುಟ್ಟಬಹುದು.

ಇಲ್ಲೊಂದು ಸ್ವಾರಸ್ಯ ಇದೆ. ಅಡ್ಮಿನ್ ತಮ್ಮ ಮನೆ ಫೋಲ್ಡರಿನಲ್ಲಿ ರೌಂಡ್‌ಕ್ಯೂಬ್ ಬಿಚ್ಚಿ, ಅಲ್ಲಿಂದ ವೆಬ್ ಫೋಲ್ಡರಿಗೆ ‘ಸ್ಥಳಾಂತರ’ ಮಾಡಿದರೆ ಹಳೆಯ ಚೀಟಿಯೇ ಜೊತೆಗೆ ಬರುತ್ತದೆ. ಅದೇ ‘ನಕಲು’ ಮಾಡಿದರೆ ಸಾಮಾನ್ಯವಾಗಿ ಹೊಸ ಜಾಗದ ಚೀಟಿ ಸಿಗುತ್ತದೆ. ನಮ್ಮ ಶಾಲೆಯಲ್ಲಿ ಆಗಿರುವುದು ಇದೇ ಅಂದುಕೊಳ್ಳಿ. ಸಂಜೆ ಹೊಸ ಆವೃತ್ತಿ ಹಾಕುವಾಗ ಫೋಲ್ಡರನ್ನು ಸ್ಥಳಾಂತರಿಸಿದ್ದಾರೆ. ಮನುಷ್ಯರ ಕಣ್ಣಿಗೆ ಎಲ್ಲ ಸರಿಯಾಗಿದೆ, ಚೀಟಿ ಮಾತ್ರ ಹಳೆಯದು. ಈ ‘ಇಲ್ಲ’ ಆಡಿಟ್ ಲಾಗ್ ಎಂಬ ಬೇರೆ ದಿನಚರಿಯಲ್ಲಿ ಬರೆದಿರುತ್ತದೆ. ‘ರೀಸ್ಟೋರ್‌ಕಾನ್’ ಎಂಬ ಒಂದು ಆಜ್ಞೆ ಕೊಟ್ಟರೆ ಚೀಟಿಗಳು ಸರಿಯಾಗುತ್ತವೆ. ಎಸ್‌ಇಲಿನಕ್ಸ್ ಅನ್ನೇ ಆರಿಸಿ ಕೂರಿಸುವ ಅಗತ್ಯವಿಲ್ಲ.

ಡವ್‌ಕಾಟ್, ಪೋಸ್ಟ್‌ಫಿಕ್ಸ್ ‘ಇಲ್ಲ’ ಅಂದರೆ

ಲಾಗಿನ್ ಆಯಿತು, ಆದರೆ ಒಬ್ಬರ ಪೆಟ್ಟಿಗೆ ಮಾತ್ರ ತೆರೆಯುತ್ತಿಲ್ಲ. ಆಗ ಡವ್‌ಕಾಟ್‌ನ ಲಾಗ್ ನೋಡಬೇಕು. ಇದು ಬಹಳ ಅಚ್ಚುಕಟ್ಟು. ಯಾರ ಹೆಸರಿನಲ್ಲಿ ಪ್ರಯತ್ನ ಆಯಿತು, ಯಾವ ಫೋಲ್ಡರಿನಲ್ಲಿ, ಯಾವ ಅನುಮತಿ ಕಡಿಮೆ ಇದೆ ಎಂದು ಒಂದೇ ಸಾಲಿನಲ್ಲಿ ಬರೆದುಬಿಡುತ್ತದೆ. ಹಳೆಯ ಸರ್ವರಿನಿಂದ ಪೆಟ್ಟಿಗೆಗಳನ್ನು ತಂದಾಗ ಒಡೆತನ ಬದಲಾಗಿ ಹೀಗಾಗುವುದುಂಟು.

ಓದಲು ಆಗುತ್ತಿದೆ, ಕಳಿಸಲು ಹೋದರೆ ‘ರಿಲೇ ಆಕ್ಸೆಸ್ ಡಿನೈಡ್’ ಎಂದು ಬರುತ್ತಿದೆ. ಇದು ಪೋಸ್ಟ್‌ಫಿಕ್ಸ್‌ನ ಮಾತು. ‘ನೀವು ಯಾರೆಂದು ಹೇಳದೆ ಊರ ಹೊರಗಿನವರಿಗೆ ಪತ್ರ ಕೊಟ್ಟರೆ ನಾನು ಒಯ್ಯುವುದಿಲ್ಲ’ ಎಂದು ಅಂಚೆಯಣ್ಣ ಹೇಳುತ್ತಿದ್ದಾನೆ. ರೌಂಡ್‌ಕ್ಯೂಬ್ ಮೇಲ್ ಕಳಿಸುವಾಗಲೂ ನಿಮ್ಮ ಹೆಸರು, ಪಾಸ್‌ವರ್ಡ್ ಕೊಡುವಂತೆ ಹೊಂದಿಸಬೇಕು. ಇದಕ್ಕೆ ಸಾಮಾನ್ಯವಾಗಿ 587 ಎಂಬ ಪೋರ್ಟ್ ಬಳಸುತ್ತಾರೆ. ಬದಲಿಗೆ ‘ಯಾರು ಕೊಟ್ಟರೂ ಒಯ್ಯಿ’ ಎಂದು ಪೋಸ್ಟ್‌ಫಿಕ್ಸ್‌ಗೆ ಹೇಳಿಬಿಟ್ಟರೆ, ಸ್ಪ್ಯಾಮ್ ಕಳಿಸುವವರು ಅದನ್ನು ಬೇಗ ಹುಡುಕಿಕೊಳ್ಳುತ್ತಾರೆ. ಆಮೇಲೆ ನಿಮ್ಮ ಸರ್ವರಿನ ಹೆಸರು ಕಪ್ಪುಪಟ್ಟಿಗೆ ಸೇರಿ, ಟೀಚರ್ ಬರೆದ ನಿಜವಾದ ಮೇಲ್ ಕೂಡ ಯಾರಿಗೂ ತಲುಪುವುದಿಲ್ಲ.

ಒಂದು ಮನೆಯವರಿಗೆ ಮಾತ್ರ ಪುಟವೇ ಬರುತ್ತಿಲ್ಲ ಅಂದರೆ? ಫೇಲ್‌ಟುಬ್ಯಾನ್ ಎಂಬ ಕಾವಲು ಪ್ರೋಗ್ರಾಂ ಅವರನ್ನು ತಡೆದಿರಬಹುದು. ತಪ್ಪು ಪಾಸ್‌ವರ್ಡ್ ಮತ್ತೆ ಮತ್ತೆ ಬಂದ ವಿಳಾಸವನ್ನು ಅದು ಸ್ವಲ್ಪ ಹೊತ್ತು ಹೊರಗಿಡುತ್ತದೆ. ಅಜ್ಜಿಯ ಹಳೆಯ ಟ್ಯಾಬ್ಲೆಟ್‌ನಲ್ಲಿ ಹಳೆಯ ಪಾಸ್‌ವರ್ಡ್ ಉಳಿದುಕೊಂಡು, ಅದು ತಾನಾಗಿಯೇ ಪ್ರಯತ್ನಿಸುತ್ತಾ ಇಡೀ ಮನೆಗೆ ಬಾಗಿಲು ಮುಚ್ಚಿಸಬಹುದು! ತಡೆ ತೆಗೆದರೆ ಸಾಲದು. ಆ ಟ್ಯಾಬ್ಲೆಟ್ ಹುಡುಕಿ ಪಾಸ್‌ವರ್ಡ್ ಸರಿಮಾಡಬೇಕು, ಇಲ್ಲದಿದ್ದರೆ ಮತ್ತೆ ಅದೇ ಕತೆ.

777 ಎಂಬ ಆಸೆ

ಈಗ ಆ ಎರಡನೆಯ ದಾರಿಯ ಮಾತಿಗೆ ಬರೋಣ. ಅನುಮತಿಯ ಲೆಕ್ಕ ಕಲಿತಿರಲ್ಲ, 777 ಅಂದರೆ ಏನು ಹೇಳಿ? ಒಡೆಯರು, ಗುಂಪು, ಉಳಿದ ಎಲ್ಲರೂ ಓದಬಹುದು, ಬರೆಯಬಹುದು, ನಡೆಸಬಹುದು. ಇಡೀ ಫೋಲ್ಡರಿಗೆ 777 ಕೊಟ್ಟರೆ ಎಷ್ಟೋ ಸಲ ‘ಆಕ್ಸೆಸ್ ಡಿನೈಡ್’ ಮಾಯವಾಗುತ್ತದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಸೂಪರ್ ಸರ್’ ಅಂತ ಚಪ್ಪಾಳೆಯೂ ಬರುತ್ತದೆ.

ಆದರೆ ಏನಾಯಿತು ಅಂತ ಯೋಚಿಸಿ. ಮದುವೆ ಮನೆಯಲ್ಲಿ ಒಂದು ಬೀಗದ ಕೈ ಸಿಗಲಿಲ್ಲ ಅಂತ ಉಗ್ರಾಣ, ಒಡವೆ ಇಟ್ಟ ಕೋಣೆ, ಮದುಮಗಳ ಕೋಣೆ ಎಲ್ಲದರ ಬಾಗಿಲನ್ನೂ ತೆರೆದಿಟ್ಟ ಹಾಗಾಯಿತು. ರೌಂಡ್‌ಕ್ಯೂಬ್‌ನ ಕಾನ್ಫಿಗ್ ಫೈಲಿನಲ್ಲಿ ಡೇಟಾಬೇಸಿನ ಪಾಸ್‌ವರ್ಡ್ ಇರುತ್ತದೆ. ಅದೇ ಯಂತ್ರದಲ್ಲಿರುವ ಬೇರೆ ಯಾವ ಪ್ರೋಗ್ರಾಂ ಬೇಕಾದರೂ ಅದನ್ನು ಓದಬಹುದು. ಅಷ್ಟೇ ಅಲ್ಲ, ರೌಂಡ್‌ಕ್ಯೂಬ್‌ನ ಪುಟಗಳನ್ನೇ ತಿದ್ದಿ, ನೀವು ಟೈಪ್ ಮಾಡುವ ಪಾಸ್‌ವರ್ಡನ್ನು ಕದ್ದು ಬೇರೆ ಕಡೆ ಕಳಿಸುವ ಹಾಗೆ ಮಾಡಬಹುದು. ಪುಟ ಮೊದಲಿನ ಹಾಗೇ ಕಾಣುತ್ತದೆ, ಯಾರಿಗೂ ಗೊತ್ತೇ ಆಗುವುದಿಲ್ಲ.

ಆ ಪೆಟ್ಟಿಗೆಗಳಲ್ಲಿ ಇರುವುದು ಏನು? ನಿಮ್ಮ ಹುಟ್ಟಿದ ದಿನಾಂಕ, ಮನೆ ವಿಳಾಸ, ಅಲರ್ಜಿಯ ವಿವರ, ‘ಈ ವಾರ ಮಗುವನ್ನು ಅಜ್ಜ ಕರೆದೊಯ್ಯುತ್ತಾರೆ’ ಎಂದು ಅಮ್ಮ ಬರೆದ ಸಾಲು. ಇವನ್ನೆಲ್ಲ ಕಾಯುವ ಜವಾಬ್ದಾರಿ ಅಡ್ಮಿನ್ ಮೇಲಿದೆ. ಒಂದು ರಾತ್ರಿ ಮೇಲ್ ತೆರೆಯದಿದ್ದರೆ ಫೋನ್ ಮಾಡಿ ಕೆಲಸ ಸಾಗಿಸಬಹುದು. ಹೊರಗೆ ಹೋದ ವಿವರವನ್ನು ಮತ್ತೆ ಒಳಗೆ ತರಲು ಯಾವ ಆಜ್ಞೆಯೂ ಇಲ್ಲ.

ಇನ್ನೊಂದು ವಿಷಯ. ಕೆಲವು ‘ಇಲ್ಲ’ಗಳು ಸರಿಯಾದ ಉತ್ತರಗಳೇ. ರೌಂಡ್‌ಕ್ಯೂಬ್‌ನ ಕಾನ್ಫಿಗ್, ಟೆಂಪ್, ಲಾಗ್ಸ್ ಫೋಲ್ಡರುಗಳನ್ನು ಬ್ರೌಸರಿನಿಂದ ತೆರೆಯಲು ಪ್ರಯತ್ನಿಸಿದಾಗ 403 ಬಂದರೆ ಅಡ್ಮಿನ್ ಖುಷಿಪಡಬೇಕು. ದೊಡ್ಡಪ್ಪ ಎಚ್ಚರವಾಗಿದ್ದಾರೆ ಎಂದರ್ಥ!

ಪೋಷಕರಿಗೆ ಒಂದು ಪಟ್ಟಿ

ಸರ್ವರ್ ಕೆಲಸದಲ್ಲಿರುವ ಅಪ್ಪ ಅಮ್ಮಂದಿರು ಇದನ್ನು ಕತ್ತರಿಸಿ ಅಂಟಿಸಿಕೊಳ್ಳಬಹುದು.

1. ಯಾರಿಗೆ, ಯಾವ ಹಂತದಲ್ಲಿ, ಯಾವಾಗಿನಿಂದ ಎಂದು ಕೇಳಿ.
2. ಆ ಹಂತದ ಕೆಲಸಗಾರನ ಲಾಗ್ ತೆರೆದಿಟ್ಟು, ತೊಂದರೆಯನ್ನು ಮತ್ತೆ ಬರಿಸಿ, ಹೊಸ ಸಾಲು ಓದಿ.
3. ‘ಇಂಥವರು, ಇಂಥ ಫೈಲಿಗೆ, ಇಂಥ ಕಾರಣಕ್ಕೆ ನಿರಾಕರಿಸಿದರು’ ಎಂದು ಒಂದು ವಾಕ್ಯ ಬರೆಯಲು ಬರುವವರೆಗೆ ಏನನ್ನೂ ಬದಲಾಯಿಸಬೇಡಿ.
4. ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲು ಏನಿತ್ತು ಅಂತ ಬರೆದಿಟ್ಟುಕೊಳ್ಳಿ.
5. ಪ್ರಯೋಜನ ಆಗದಿದ್ದರೆ ಮೊದಲಿದ್ದ ಹಾಗೆ ಮಾಡಿ, ಆಮೇಲೆ ಮುಂದಿನ ಪ್ರಯತ್ನ.
6. ಅಡ್ಮಿನ್ ಖಾತೆಯಿಂದ ಅಲ್ಲ, ಸಾಮಾನ್ಯ ಬಳಕೆದಾರರ ಖಾತೆಯಿಂದ ಪರೀಕ್ಷೆ ಮಾಡಿ.

ಮಕ್ಕಳು ಏನು ಮಾಡಬಹುದು?

ನಿಮಗೆ ಈ ಸಂದೇಶ ಬಂದರೆ ಪಾಸ್‌ವರ್ಡನ್ನು ಹತ್ತು ಸಲ ಒತ್ತಬೇಡಿ. ಗಂಟೆ ಎಷ್ಟು, ಏನು ಮಾಡುತ್ತಿದ್ದಿರಿ, ಪರದೆಯ ಮೇಲೆ ಯಾವ ಸಂಖ್ಯೆ ಇತ್ತು, ಈ ಮೂರನ್ನು ಬರೆದು ದೊಡ್ಡವರಿಗೆ ಕೊಡಿ. ಸಮಯ ಗೊತ್ತಿದ್ದರೆ ಸಾವಿರ ಸಾಲುಗಳ ಲಾಗಿನಲ್ಲಿ ನಿಮ್ಮ ಸಾಲು ತಟ್ಟನೆ ಸಿಗುತ್ತದೆ. ‘ಮೇಲ್ ಓಪನ್ ಆಗ್ತಿಲ್ಲ’ ಅನ್ನುವುದಕ್ಕಿಂತ ‘8:40ಕ್ಕೆ ಫೋಟೋ ಹಾಕುವಾಗ 403 ಬಂತು’ ಅಂದರೆ ಅಡ್ಮಿನ್‌ಗೆ ಎಷ್ಟು ಸಹಾಯ ಗೊತ್ತಾ?

ಪಾಸ್‌ವರ್ಡ್ ಮಾತ್ರ ಯಾರಿಗೂ ಹೇಳಬೇಡಿ. ಇಲ್ಲಿ ಹೇಳಿದ ಯಾವ ತೊಂದರೆಯನ್ನು ಸರಿಮಾಡುವುದಕ್ಕೂ ಅಡ್ಮಿನ್‌ಗೆ ನಿಮ್ಮ ಪಾಸ್‌ವರ್ಡ್ ಬೇಕಾಗಿಲ್ಲ. ‘ನಿಮ್ಮ ಮೇಲ್ ನಿಂತುಹೋಗಿದೆ, ಪಾಸ್‌ವರ್ಡ್ ಕಳಿಸಿ’ ಅಂತ ಯಾರಾದರೂ ಕೇಳಿದರೆ ಅವರು ಕಳ್ಳರು ಅಂತಲೇ ತಿಳಿಯಿರಿ. ಇದನ್ನು ಊರಿನಲ್ಲಿರುವ ಅಜ್ಜ ಅಜ್ಜಿಗೂ ಫೋನಿನಲ್ಲಿ ಹೇಳಿಕೊಡಿ.

ಈಗ ನಿಮ್ಮ ಸರದಿ

1. 640 ಅನುಮತಿ ಇರುವ ಫೈಲನ್ನು ‘ಉಳಿದ ಎಲ್ಲರು’ ಓದಬಹುದೇ?
2. ಎಲ್ಲರಿಗೂ ಮೇಲ್ ಓದಲು ಆಗುತ್ತಿದೆ, ಯಾರಿಗೂ ಹೊರಗೆ ಕಳಿಸಲು ಆಗುತ್ತಿಲ್ಲ. ಮೊದಲು ಯಾರ ದಿನಚರಿ ನೋಡಬೇಕು?
3. ‘ನಿಮಗೆ ಪ್ರವೇಶ ನಿರಾಕರಿಸಲಾಗಿದೆ.’ ತಪ್ಪು ಪಾಸ್‌ವರ್ಡ್‌ಗಳ ಕಾರಣಕ್ಕೆ ಒಂದು ಮನೆಯವರನ್ನು ತಡೆದಾಗ, ಈ ವಾಕ್ಯವನ್ನು ಕರ್ತರಿ ಪ್ರಯೋಗದಲ್ಲಿ ಬರೆಯಿರಿ.

ಉತ್ತರಗಳು: 1. ಇಲ್ಲ, ಕೊನೆಯ ಅಂಕಿ 0. 2. ಪೋಸ್ಟ್‌ಫಿಕ್ಸ್. 3. ಫೇಲ್‌ಟುಬ್ಯಾನ್ ನಿಮಗೆ ಪ್ರವೇಶವನ್ನು ನಿರಾಕರಿಸಿತು.